ಬ್ರೋಷರಿನಲ್ಲಿ 32 ಮನೆ ಇವೆ, ಎಲ್ಲಾ ನೋಡಲೇಬೇಕಾ?

ಪ್ರಶ್ನೆ: ಹಳೇ ಮನೆಗಳಿಗೆ ಹೆಸರಾದ ಊರೊಂದಕ್ಕೆ ಮುಂದಿನ ತಿಂಗಳು ಹೋಗುತ್ತಿದ್ದೇವೆ. ಗೈಡ್ ಇಟ್ಟುಕೊಳ್ಳುವ ಮನಸ್ಸಿಲ್ಲ. ನಾವೇ ನಡೆದು ನೋಡಿಕೊಂಡು ಬರಲಿ ಅಂತ ಅಲ್ಲಿಯವರು ಮ್ಯಾಪ್ ಇರುವ ಬ್ರೋಷರ್ ಮಾಡಿದ್ದಾರೆ. ಅದರಲ್ಲಿ 32 ಮನೆಗಳ ಪಟ್ಟಿ ಇದೆ. ಹಿಂದೊಮ್ಮೆ ಬೇರೆ ಊರಲ್ಲಿ ಹೀಗೇ ಹೋಗಿದ್ದೆ. ಹತ್ತನೇ ಮನೆ ಹೊತ್ತಿಗೆ ಎಲ್ಲಾ ಒಂದೇ ಥರ ಕಾಣತೊಡಗಿ, ಕೊನೆಗೆ ನಂಬರ್‌ಗೆ ಟಿಕ್ ಹಾಕುವುದಷ್ಟೇ ಕೆಲಸವಾಯಿತು. ಬೀದಿಯಲ್ಲಿ ನಿಂತು ಹಳೇ ಮನೆಯನ್ನು ನೋಡುವುದು ಹೇಗೆ? ಬ್ರೋಷರಿನಲ್ಲಿ ಬರೆದದ್ದನ್ನೆಲ್ಲ ನಂಬಬಹುದಾ? ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು.

ಉತ್ತರ: ಮೊದಲು ಪಟ್ಟಿಯಿಂದ 24 ಮನೆ ಹೊಡೆದುಹಾಕಿ. ಎಂಟು ಸಾಕು.

ತಮಾಷೆಗೆ ಹೇಳುತ್ತಿಲ್ಲ. ಇಂಥ ಬ್ರೋಷರ್ ಮಾಡುವವರ ಮೇಲೆ ಎಲ್ಲಾ ಕಡೆಯಿಂದ ಒತ್ತಡ ಇರುತ್ತದೆ. ಆ ಮನೆ ಹಾಕಿ ಈ ಮನೆ ಬಿಟ್ಟರೆ ಇವರಿಗೆ ಬೇಜಾರು. ಹಾಗಾಗಿ ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ಒಂದೊಂದು ಮನೆಗೆ ಸಿಗುವ ಜಾಗ ಕಡಿಮೆಯಾಗುತ್ತಾ ಬರುತ್ತದೆ. ಕೊನೆಗೆ ಉಳಿಯುವುದು ಮೂರೇ ಸಂಗತಿ: ಕಟ್ಟಿಸಿದವರ ಹೆಸರು, ಇಸವಿ, ಶೈಲಿ. ಇಷ್ಟನ್ನು ಓದಲಿಕ್ಕೆ ಮನೆ ಮುಂದೆ ಹೋಗಿ ನಿಲ್ಲಬೇಕಾಗಿಯೇ ಇಲ್ಲ, ಅಲ್ವಾ? ನಿಮಗೆ ಬೇಜಾರಾದದ್ದು ಸಹಜ.

ಎಂಟನ್ನು ಆರಿಸುವಾಗ ದೊಡ್ಡದು, ಚೆಂದದ್ದು ಅಂತ ನೋಡಬೇಡಿ. ಒಂದಕ್ಕೊಂದು ಹೋಲದ ಮನೆಗಳನ್ನು ಆರಿಸಿ. ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೇದು ಒಂದು, ಎಲ್ಲಕ್ಕಿಂತ ಹೊಸದು ಒಂದು. ಒಬ್ಬರೇ ಕಟ್ಟಿಸಿದ ಜೋಡಿಮನೆ ಇದ್ದರೆ ಅದಂತೂ ಬೇಕೇ ಬೇಕು. ಕಟ್ಟಿದಾಗ ಒಂದೇ ಥರ ಇದ್ದವು ನೂರು ವರ್ಷದಲ್ಲಿ ಹೇಗೆ ಬೇರೆಯಾದವು ಅನ್ನುವುದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಒಂದು ಸಣ್ಣ ಮನೆ ಇರಲಿ. ಹಾಗೇ ‘ಬಹಳ ಬದಲಾವಣೆಯಾಗಿದೆ’ ಅಂತ ಬ್ರೋಷರ್ ಮುಖ ಸಣ್ಣ ಮಾಡಿಕೊಂಡು ಬರೆದಿರುವ ಮನೆಯೂ ಒಂದಿರಲಿ. ನನಗೆ ಇಂಥ ಮನೆಗಳೇ ಜಾಸ್ತಿ ಇಷ್ಟ. ಒಂದಿಷ್ಟೂ ಬದಲಾಗದ ಮನೆಯಲ್ಲಿ ನಾವಾಗಿ ಕಂಡುಹಿಡಿಯುವುದಕ್ಕೆ ಏನೂ ಇರುವುದಿಲ್ಲ.

ಇನ್ನು ಒಂದೊಂದು ಮನೆ ಮುಂದೆ ಹತ್ತು ನಿಮಿಷ ನಿಲ್ಲಿ. ಬ್ರೋಷರನ್ನು ಮೊದಲ ಐದು ನಿಮಿಷ ತೆಗೆಯಲೇಬೇಡಿ. ಓದಿಕೊಂಡು ನೋಡಿದರೆ ಓದಿದ್ದು ಮಾತ್ರ ಕಾಣುತ್ತದೆ. ನೋಡಿ, ನಿಮ್ಮದೇ ಒಂದು ಅಂದಾಜು ಹಾಕಿಕೊಂಡು ಆಮೇಲೆ ಓದಿದರೆ, ತಪ್ಪಿದ್ದರೂ ಸರಿಯಿದ್ದರೂ ಮಜಾ ಸಿಗುತ್ತದೆ.

ನಿಲ್ಲುವುದು ಎದುರುಗಡೆ ಪಕ್ಕದಲ್ಲಿ. ಮನೆ ಬುಡಕ್ಕೆ ಹೋಗಿ ನಿಂತರೆ ಬಾಗಿಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಲ್ಲಿಂದ ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಕಾರಣ ಸರಳ. ನೆಲಮಹಡಿ ಎಲ್ಲಕ್ಕಿಂತ ಬೇಗ ಬದಲಾಗುತ್ತದೆ. ಅಂಗಡಿ ಬರುತ್ತದೆ, ಗಾಜು ಬರುತ್ತದೆ, ಬಾಗಿಲು ಅಗಲವಾಗುತ್ತದೆ. ಮೇಲಿನ ಮಹಡಿಗೆ ಅಷ್ಟು ಖರ್ಚು ಮಾಡುವವರು ಕಡಿಮೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಮನೆಗಳಲ್ಲಿ ನೆತ್ತಿಯ ಮೇಲೆ ಒಂದು ತೊಲೆ ಬೀದಿಯ ಕಡೆ ಚಾಚಿಕೊಂಡಿರುತ್ತದೆ, ತುದಿಯಲ್ಲಿ ಕೊಕ್ಕೆ. ಒಳಗಿನ ಮೆಟ್ಟಿಲು ಇಕ್ಕಟ್ಟು, ಸಾಮಾನು ಹತ್ತಿಸಲಾಗದು. ಹಗ್ಗ, ರಾಟೆ ಕಟ್ಟಿ ಕಿಟಕಿಯಿಂದಲೇ ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ತಲೆ ಎತ್ತದವರು ಕೆಳಗಿನ ಬಾಗಿಲ ಬಣ್ಣದ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಸೂರು, ಚಿಮಣಿ, ಅಟ್ಟದ ಕಿಟಕಿ ನೋಡಿಯಾದ ಮೇಲೆ ಪಕ್ಕದ ಗೋಡೆಯ ಕಡೆ ಕಣ್ಣು ಹಾಯಿಸಿ. ಅಲ್ಲಿ ಓರೆಯಾದ ಒಂದು ಗುರುತು ಇದ್ದರೆ, ಅಲ್ಲೊಂದು ಮನೆ ಇತ್ತು, ಅದರ ಚಾವಣಿ ಇಲ್ಲಿಗೆ ಬಂದು ತಾಗುತ್ತಿತ್ತು ಅಂತ ಅರ್ಥ. ಬ್ರೋಷರಿನಲ್ಲಿ ಇಲ್ಲದ ಮನೆಯೊಂದನ್ನು ನೀವು ನೋಡಿದ ಹಾಗಾಯಿತು.

ಈಗ ಕಿಟಕಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬೀದಿಯಿಂದ ಮನೆಯ ವಯಸ್ಸು ಅಂದಾಜು ಮಾಡಲಿಕ್ಕೆ ಕಿಟಕಿಯಷ್ಟು ಉಪಕಾರಿ ಬೇರೆ ಇಲ್ಲ. ಲಂಡನ್ನಿನದೇ ಉದಾಹರಣೆ ತೆಗೆದುಕೊಳ್ಳಿ. 1666ರ ಬೆಂಕಿಯಲ್ಲಿ ಊರು ಸುಟ್ಟ ಮೇಲೆ ಕಟ್ಟಡದ ಕಾನೂನುಗಳು ಒಂದೊಂದಾಗಿ ಬಂದವು. ಮನೆಯ ಹೊರಗೋಡೆಗೆ ಇಟ್ಟಿಗೆ ಅಥವಾ ಕಲ್ಲು ಕಡ್ಡಾಯವಾಯಿತು. 1707ರಲ್ಲಿ ಸೂರಿನ ಕೆಳಗೆ ಮರದ ಅಲಂಕಾರದ ಪಟ್ಟಿ ಹಾಕಬಾರದು ಅಂದರು. 1709ರಲ್ಲಿ ಕಿಟಕಿಯ ಮರದ ಚೌಕಟ್ಟು ಗೋಡೆಯ ಮುಖಕ್ಕೆ ಸಮವಾಗಿ ಇರಬಾರದು, ನಾಲ್ಕು ಅಂಗುಲ ಒಳಕ್ಕೆ ಹೋಗಬೇಕು ಅಂದರು. ಬೆಂಕಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರದಿರಲಿ ಅಂತ. 1774ರಲ್ಲಿ ಇನ್ನೂ ಮುಂದೆ ಹೋಗಿ, ಚೌಕಟ್ಟನ್ನು ಇಟ್ಟಿಗೆಯ ಹಿಂದೆ ಅಡಗಿಸಬೇಕು ಅಂದರು. ಹಾಗಾಗಿ ಬೀದಿಯಲ್ಲಿ ನಿಂತು ಕಿಟಕಿ ಗೋಡೆಯೊಳಗೆ ಎಷ್ಟು ಆಳಕ್ಕಿದೆ, ಮರ ಎಷ್ಟು ದಪ್ಪ ಕಾಣುತ್ತದೆ ಅಂತ ನೋಡಿದರೆ ಮನೆ ಸುಮಾರು ಯಾವ ಕಾಲದ್ದು ಅಂತ ಹೇಳಬಹುದು. ಪಕ್ಕಾ ಲೆಕ್ಕ ಅಂದುಕೊಳ್ಳಬೇಡಿ. ಕಾನೂನು ಬಂದ ದಿನದಿಂದ ಎಲ್ಲರೂ ಪಾಲಿಸಿದರು ಅಂತೇನಿಲ್ಲ, ಸಣ್ಣ ಊರುಗಳು ನಿಧಾನಕ್ಕೆ ರಾಜಧಾನಿಯನ್ನು ನೋಡಿ ಕಲಿತವು. ಆದರೂ ಒಂದು ಹಿಡಿತ ಸಿಗುತ್ತದೆ.

ಗಾಜಿನ ಲೆಕ್ಕವೂ ಹೀಗೇ. ಹಿಂದೆ ದೊಡ್ಡ ಗಾಜು ಮಾಡುವುದು ಕಷ್ಟ, ದುಬಾರಿ. ಅದಕ್ಕೇ ಹಳೇ ಕಿಟಕಿಯಲ್ಲಿ ಸಣ್ಣ ಸಣ್ಣ ಚೌಕ ಜಾಸ್ತಿ. ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಬೇರೆ ಇತ್ತು, ಅದು 1845ರಲ್ಲಿ ಹೋಯಿತು. ಆಮೇಲೆ ಹಾಳೆಗಳು ದೊಡ್ಡವಾದವು, ಆರು ಚೌಕ ಇದ್ದ ಕಡೆ ಎರಡು, ಕೊನೆಗೆ ಒಂದೇ. ದೊಡ್ಡ ಗಾಜು ಭಾರ. ಆ ಭಾರಕ್ಕೆ ಮೇಲೆ ಕೆಳಗೆ ಸರಿಯುವ ಕಿಟಕಿಯ ಮೇಲಿನ ಅರ್ಧದ ಕೆಳಮೂಲೆಗಳು ಬಿಟ್ಟುಕೊಳ್ಳಬಾರದು ಅಂತ ಬಡಗಿಗಳು ಪಕ್ಕದ ಮರವನ್ನು ಎರಡೂ ಕಡೆ ಒಂದಿಷ್ಟು ಕೆಳಕ್ಕೆ ಇಳಿಬಿಟ್ಟು, ತುದಿಯನ್ನು ಬಳುಕಿಸಿ ಕೊರೆದರು. ಹೆಬ್ಬೆರಳ ಗಾತ್ರದ ಎರಡು ಕೊಂಬು ಅಂದುಕೊಳ್ಳಿ. ಇವು ಕಂಡರೆ ಆ ಕಿಟಕಿ 19ನೇ ಶತಮಾನದ ನಡುಭಾಗ ಅಥವಾ ಆಮೇಲಿನದು. ಮನೆ 1750ರದ್ದು ಅಂತ ಬ್ರೋಷರ್ ಹೇಳುತ್ತಿದ್ದು ಕಿಟಕಿಯಲ್ಲಿ ಕೊಂಬು ಇದ್ದರೆ, ಬ್ರೋಷರ್ ತಪ್ಪು ಅಂತಲ್ಲ, ಕಿಟಕಿ ಬದಲಾಗಿದೆ ಅಂತ. ಒಂದೇ ಮನೆಯಲ್ಲಿ ಕೆಳಗೆ ದೊಡ್ಡ ಗಾಜು, ಮೇಲೆ ಸಣ್ಣ ಚೌಕ ಇದ್ದರೆ ಅದಕ್ಕೂ ಒಂದು ಕಾರಣ ಊಹಿಸಬಹುದು: ನೆಂಟರು ಕೂರುವ ಕೋಣೆಗೆ ದುಡ್ಡು ಬಂತು, ಮಲಗುವ ಕೋಣೆಗೆ ಬರಲಿಲ್ಲ.

ಬಿಸಿಲು ಓರೆಯಾಗಿ ಬಿದ್ದಾಗ ಗಾಜಿನಲ್ಲಿ ಎದುರು ಮನೆಯ ಪ್ರತಿಬಿಂಬ ನೋಡಿ. ಗೆರೆಗಳು ನೆಟ್ಟಗಿದ್ದರೆ ಹೊಸ ಗಾಜು. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಈಗಿನ ಸಮತಟ್ಟಾದ ಗಾಜನ್ನು ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತೋರಿಸಿದ್ದು 1959ರಲ್ಲಿ. ಪ್ರತಿಬಿಂಬ ನೀರಿನಲ್ಲಿ ಅಲುಗಾಡಿದ ಹಾಗೆ ಇದ್ದರೆ ಗಾಜು ಹಳೇದು. ಇಲ್ಲೊಂದು ಮಾತು: ಗಾಜು ನಿಧಾನಕ್ಕೆ ಕೆಳಗೆ ಹರಿಯುತ್ತದೆ, ಅದಕ್ಕೇ ಹಳೇ ಗಾಜು ಬುಡದಲ್ಲಿ ದಪ್ಪ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೇನಿಲ್ಲ. ಊದಿ ಮಾಡುವಾಗಲೇ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆಗುತ್ತಿತ್ತು, ಅಷ್ಟೇ.

ಗೋಡೆಯಲ್ಲಿ ಹುಡುಕಬೇಕಾದ್ದು ಮುಖ್ಯವಾಗಿ ಒಂದು: ಮೇಲಿಂದ ಕೆಳಕ್ಕೆ ನೆಟ್ಟಗೆ ಬಂದ ಸೀಳು. ಸಾಮಾನ್ಯವಾಗಿ ಇಟ್ಟಿಗೆಗಳು ಒಂದರ ಮೇಲೊಂದು ಅರ್ಧರ್ಧ ಹೊದ್ದುಕೊಂಡಿರುತ್ತವೆ, ಸಂದುಗಳು ಒಂದೇ ಸಾಲಿಗೆ ಬರುವುದಿಲ್ಲ. ಒಂದು ಕಡೆ ಮಾತ್ರ ಸಂದುಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಬಂದಿದ್ದರೆ ಅಲ್ಲಿ ಎರಡು ಕಾಲದ ಗೋಡೆ ಸೇರಿದೆ. ಯಾವುದು ಮೊದಲು? ಸೀಳಿನ ಎರಡೂ ಪಕ್ಕ ನೋಡಿ. ಒಂದು ಪಕ್ಕದಲ್ಲಿ ಅಚ್ಚುಕಟ್ಟಾದ ಮೂಲೆಗಲ್ಲುಗಳು ಇರುತ್ತವೆ, ಅಲ್ಲಿಗೆ ಮನೆ ಮುಗಿಯಿತು ಅನ್ನುವ ಹಾಗೆ. ಅದು ಹಳೇದು. ಅದಕ್ಕೆ ಒರಗಿಕೊಂಡಿರುವುದು ಆಮೇಲೆ ಬಂದದ್ದು. ಎರಡು ನೆಟ್ಟಗಿನ ಸೀಳು, ನಡುವೆ ಒಂದು ಆಳಿನ ಅಗಲ, ಮೇಲೆ ಕಮಾನಿನ ಗುರುತು ಇದ್ದರೆ ಅದು ಮುಚ್ಚಿಹೋದ ಬಾಗಿಲು. ಒಂದು ಮನೆಗೆ ಎರಡು ಬಾಗಿಲು ಇತ್ತು ಅಂದರೆ ಎರಡು ಸಂಸಾರ ಇತ್ತಾ, ಅಂಗಡಿ ಇತ್ತಾ ಅನ್ನುವ ಪ್ರಶ್ನೆ ಹುಟ್ಟುತ್ತದೆ. ಉತ್ತರ ಸಿಗದಿದ್ದರೂ ಪರವಾಗಿಲ್ಲ, ಆ ಮನೆ ನಿಮಗೆ ಮರೆಯುವುದಿಲ್ಲ.

ಗೋಡೆಗೆ ಬಡಿದ ಕಬ್ಬಿಣದ ತುಂಡುಗಳನ್ನೂ ಬಿಡಬೇಡಿ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆ ಒಳಗಿನ ತೊಲೆಯನ್ನು ಗೋಡೆಗೆ ಕಟ್ಟಿಹಾಕುವ ಕಬ್ಬಿಣವನ್ನೇ ಅಂಕಿಯ ಆಕಾರಕ್ಕೆ ಬಗ್ಗಿಸಿ, ಇಡೀ ಗೋಡೆಯ ಅಗಲಕ್ಕೆ ಇಸವಿ ಬರೆದದ್ದು ಕಾಣುತ್ತದೆ. ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ಗೋಡೆಗಳ ಮೇಲೆ ದುಂಡು ಬಿಲ್ಲೆ, ನಕ್ಷತ್ರ, ಸಿಂಹದ ಮುಖ ಸಿಗುತ್ತವೆ. ಅಲಂಕಾರ ಅನಿಸುತ್ತದೆ, ಆದರೆ ಹಿಂದೆ ಉದ್ದನೆಯ ಕಬ್ಬಿಣದ ಸಲಾಕೆ ಇದೆ. 1886ರ ಆಗಸ್ಟ್ 31ರ ಭೂಕಂಪದಲ್ಲಿ ಬಿರುಕು ಬಿಟ್ಟ ಗೋಡೆಗಳನ್ನು ಎರಡೂ ಕಡೆಯಿಂದ ಬಿಗಿದು ನಿಲ್ಲಿಸಿದ್ದು ಹೀಗೆ. ಬಿಲ್ಲೆ ಕಂಡಲ್ಲೆಲ್ಲ 1886 ಅನ್ನಲಿಕ್ಕಾಗದು, ಅದಕ್ಕೂ ಮುಂಚೆಯೇ ಗೋಡೆ ಬಿಗಿಯುವ ಈ ಪದ್ಧತಿ ಇತ್ತು. ಫಿಲಡೆಲ್ಫಿಯಾದಲ್ಲಿ ಮಹಡಿಯ ಎತ್ತರದಲ್ಲಿ ಒಂದು ಫಲಕ, ನಾಲ್ಕು ಕೈ ಒಂದನ್ನೊಂದು ಹಿಡಿದುಕೊಂಡಿರುವ ಚಿತ್ರ. ಅದು 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತಿತರರು ಸೇರಿ ಹುಟ್ಟುಹಾಕಿದ ಬೆಂಕಿವಿಮೆ ಸಂಸ್ಥೆಯ ಗುರುತು. ಮನೆ ಮುಂದೆ ಮರ ಇದ್ದವರಿಗೆ ವಿಮೆ ಇಲ್ಲ ಅಂತ ಆ ಸಂಸ್ಥೆ ಹಟ ಹಿಡಿದಾಗ, 1784ರಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಅದರ ಫಲಕದಲ್ಲಿ ಇರುವುದು ಮರದ ಚಿತ್ರ! ಅಲ್ಲಿನ ಬೀದಿಗಳಲ್ಲಿ ನಡೆಯುವಾಗ ಮರದ ಚಿತ್ರದ ಫಲಕ ಇರುವ ಮನೆ ಯಾವುದು, ಕೈ ಹಿಡಿದ ಫಲಕ ಇರುವ ಮನೆ ಯಾವುದು ಅಂತ ಹುಡುಕುವುದೇ ಒಂದು ಆಟ.

ಮುಖ ನೋಡಿಯಾಯಿತು. ಇನ್ನು ಮನೆ ಒಳಗೆ ಹೇಗಿರಬಹುದು? ಒಳಗೆ ಹೋಗದೆಯೂ ಸಾಕಷ್ಟು ತಿಳಿಯುತ್ತದೆ. ಮನೆ ಬೀದಿಗೆ ಯಾವ ಪಕ್ಕ ಕೊಟ್ಟು ನಿಂತಿದೆ ಅನ್ನುವುದನ್ನು ಗಮನಿಸಿ. ಚಾರ್ಲ್ಸ್‌ಟನ್ನಿನ ಒಂಟಿಕೋಣೆ ಅಗಲದ ಮನೆಗಳು ಬೀದಿಗೆ ಪಕ್ಕ ಕೊಟ್ಟು ನಿಂತಿರುತ್ತವೆ. ಅಗಲಕ್ಕೆ ಒಂದೇ ಕೋಣೆ, ಉದ್ದಕ್ಕೆ ಎರಡು, ನಡುವೆ ಮೆಟ್ಟಿಲು. ಮನೆಯ ಒಂದು ಬದಿಗೆ ಉದ್ದನೆಯ ಜಗಲಿ, ಹೆಚ್ಚಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ, ಗಾಳಿ ಬರುವ ಕಡೆಗೆ. ಬೀದಿಯಲ್ಲಿ ಕಾಣುವ ಚೆಂದದ ಬಾಗಿಲು ತೆಗೆದರೆ ಸಿಗುವುದು ಮನೆಯಲ್ಲ, ಆ ಜಗಲಿ. ಮೊದಲ ಸಲ ನೋಡುವವರಿಗೆ ಇದು ವಿಚಿತ್ರ ಅನಿಸುತ್ತದೆ. ಸೆಕೆಯ ಊರಿನಲ್ಲಿ ಇಕ್ಕಟ್ಟಾದ ನಿವೇಶನ ಇದ್ದರೆ ಇದಕ್ಕಿಂತ ಒಳ್ಳೇ ಉಪಾಯ ಹೊಳೆಯುವುದು ಕಷ್ಟ.

ಅದೇ ಸೆಕೆಗೆ ಬೇರೆ ಕಡೆ ಬೇರೆ ಉತ್ತರ ಕಂಡುಕೊಂಡರು. ಸಿಂಗಪುರದಲ್ಲಿ 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫೆಲ್ಸ್ ಊರಿನ ನಕ್ಷೆ ಮಾಡಿಸುವಾಗ, ಬೀದಿ ಕಡೆಯ ಪ್ರತಿ ಮನೆಯ ಮುಂದೆಯೂ ಜನ ನಡೆಯಲಿಕ್ಕೆ ಮಾಡು ಇರುವ ದಾರಿ ಬಿಡಬೇಕು ಅಂತ ವಿಧಿಸಿದ. ಆ ಪದ್ಧತಿ ಮಲೇಷ್ಯಾದ ಪೆನಾಂಗ್ ಮತ್ತಿತರ ಊರುಗಳಲ್ಲೂ ಕಾಣುತ್ತದೆ. ಅಲ್ಲಿನ ಮನೆಗಳು ಮುಂದೆ ಕಿರಿದು, ಹಿಂದಕ್ಕೆ ಬಹಳ ಉದ್ದ. ನಡುವೆ ಗಾಳಿ ಬೆಳಕಿಗೆ ಅಂತ ತೆರೆದ ಜಾಗ. ಅಹಮದಾಬಾದಿನ ಪೋಳಗಳಲ್ಲಿ, ಅಂದರೆ ಹಳೇ ಊರಿನ ಇಕ್ಕಟ್ಟು ಓಣಿಗಳ ಕೇರಿಗಳಲ್ಲಿ, ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಬೀದಿ ಕಡೆ ಕೆತ್ತನೆಯ ಮರ, ಒಳಗೆ ತೊಟ್ಟಿ, ಎಷ್ಟೋ ಮನೆಗಳಲ್ಲಿ ತೊಟ್ಟಿಯ ಕೆಳಗೆ ಚಾವಣಿಯ ಮಳೆನೀರು ತುಂಬುವ ನೆಲದಡಿಯ ಟಾಂಕಿ. ಹೊರಗೆ ನಿಂತವರಿಗೆ ಟಾಂಕಿ ಕಾಣುವುದಿಲ್ಲ, ಆದರೆ ನೀರಿಳಿಯುವ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೊಂಡರೆ ಒಳಗಿನದೂ ತಿಳಿಯುತ್ತದೆ. ಅಂದಹಾಗೆ ಗೈಡ್ ಬೇಡ ಅಂದಿರಿ. ಬಹಳ ಕಡೆ ಬೇಡವೇ ಬೇಡ. ಪೋಳಗಳಂಥ ಸುತ್ತುಬಳಸಿನ ಓಣಿಗಳ ಊರಿಗೆ ಹೋದರೆ ಮಾತ್ರ ಒಂದು ಬೆಳಗ್ಗೆ ಗೈಡ್ ಜೊತೆ ಹೋಗಿ, ಮಾರನೇ ದಿನ ನೀವೇ ಸುತ್ತಿ. ಅಹಮದಾಬಾದಿನಲ್ಲಿ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿವರೆಗಿನ ಹೆರಿಟೇಜ್ ವಾಕ್ 1997ರಿಂದ ನಡೆಯುತ್ತಿದೆ.

ಬ್ರೋಷರನ್ನು ನಂಬಬಹುದಾ ಅಂತ ಕೇಳಿದಿರಿ. ಹೆಸರನ್ನು ನಂಬಿ. ಇಸವಿಯನ್ನು ಅರ್ಧ ನಂಬಿ. ಕಥೆ ಬಂದಾಗ ಹುಷಾರು.

ಇಸವಿಯ ಕಷ್ಟ ಏನೆಂದರೆ, ಬಾಗಿಲ ಮೇಲೆ ಕೆತ್ತಿದ ಅಂಕಿ ಮನೆ ಕಟ್ಟಿದ ವರ್ಷವೇ ಆಗಬೇಕಿಲ್ಲ. ಮನೆ ಕೊಂಡ ವರ್ಷ ಇರಬಹುದು, ರಿಪೇರಿ ಮಾಡಿಸಿದ ವರ್ಷ ಇರಬಹುದು. ಸ್ಕಾಟ್ಲೆಂಡಿನ ಹಳೇ ಮನೆಗಳ ಬಾಗಿಲ ಮೇಲಿನ ಕಲ್ಲಿನಲ್ಲಿ ಎರಡು ಜೊತೆ ಅಕ್ಷರ, ನಡುವೆ ಒಂದು ಇಸವಿ ಇರುತ್ತದೆ. ಅದು ಗಂಡ ಹೆಂಡತಿಯ ಹೆಸರಿನ ಮೊದಲಕ್ಷರ. ಇಸವಿ ಮದುವೆಯದ್ದೋ, ಆ ಜೋಡಿ ಆ ಮನೆಗೆ ಬಂದದ್ದೋ ಆಗಿರಬಹುದು. ಮರದ ಮನೆಗಳಿಗೆ ಈಗ ಇನ್ನೂ ಗಟ್ಟಿ ದಾರಿ ಇದೆ. ತೊಲೆಯ ಮರದ ವರ್ಷದ ಉಂಗುರಗಳನ್ನು ಅಳೆದು ಮರ ಕಡಿದ ಕಾಲ ಹೇಳುತ್ತಾರೆ. ಮ್ಯಾಸಚೂಸೆಟ್ಸಿನ ಡೆಡಮ್‌ನಲ್ಲಿರುವ ಫೇರ್‌ಬ್ಯಾಂಕ್ಸ್ ಮನೆ 1637ರಿಂದ 1641ರ ನಡುವಿನದು ಅಂತ ನಿಂತದ್ದು ಹೀಗೆ.

ಕಥೆಗಳ ವಿಷಯಕ್ಕೆ ಬಂದರೆ, ಎಲ್ಲಾ ಊರಲ್ಲೂ ಕೇಳಿಸುವಂಥ ಒಂದೆರಡು ಇವೆ. ಇಂಗ್ಲೆಂಡಿನಲ್ಲಿ ಇಟ್ಟಿಗೆ ತುಂಬಿದ ಕಿಟಕಿ ಕಂಡರೆ ಸಾಕು, ಕಿಟಕಿ ತೆರಿಗೆ ತಪ್ಪಿಸಲಿಕ್ಕೆ ಮುಚ್ಚಿದರು ಅನ್ನುತ್ತಾರೆ. ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ. ಫ್ರಾನ್ಸಿನಲ್ಲೂ ಬಾಗಿಲು ಕಿಟಕಿ ತೆರಿಗೆ 1798ರಲ್ಲಿ ಬಂದು 1926ರವರೆಗೆ ಇತ್ತು. ಕೆಲವರು ಮುಚ್ಚಿಸಿದ್ದೂ ನಿಜ. ಆದರೆ ಎಷ್ಟೋ ಕುರುಡು ಕಿಟಕಿಗಳು ಕಟ್ಟುವಾಗಲೇ ಕುರುಡು. ಹಿಂದೆ ಚಿಮಣಿ ಇದೆ, ಕಿಟಕಿ ಇಡುವಂತಿಲ್ಲ, ಹೊರಗೆ ಮಾತ್ರ ಎರಡೂ ಕಡೆ ಸಮ ಕಾಣಬೇಕು, ಅದಕ್ಕೆ ಸುಳ್ಳು ಕಿಟಕಿ. ಕಂಡುಹಿಡಿಯುವುದು ಸುಲಭ. ತುಂಬಿದ ಇಟ್ಟಿಗೆ ಅಕ್ಕಪಕ್ಕದ ಇಟ್ಟಿಗೆಯ ಬಣ್ಣ, ಗಾತ್ರಕ್ಕೆ ಹೊಂದಿ, ಸಾಲೂ ಸೇರಿದ್ದರೆ ಬಹುಶಃ ಮೊದಲಿನಿಂದಲೂ ಹಾಗೇ ಇದೆ. ಇಟ್ಟಿಗೆ ಬೇರೆ ಥರ ಇದ್ದು ಸಾಲು ತಪ್ಪಿದ್ದರೆ ಆಮೇಲೆ ತುಂಬಿದ್ದು. ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯಲ್ಲಿ ಚಾವಣಿಯ ಮೇಲೆ ಕಟಾಂಜನ ಇರುವ ಕಟ್ಟೆ ತೋರಿಸಿ, ಹಡಗಿನಲ್ಲಿ ಹೋದ ಗಂಡನಿಗೆ ಹೆಂಡತಿ ದಾರಿ ಕಾಯುತ್ತಿದ್ದ ಜಾಗ ಅನ್ನುತ್ತಾರೆ. ಕೇಳಲಿಕ್ಕೆ ಚೆಂದ. ಚಿಮಣಿಗೆ ಬೆಂಕಿ ಹತ್ತಿದರೆ ಮೇಲೇರಿ ಆರಿಸಲಿಕ್ಕೆ, ಚಿಮಣಿ ರಿಪೇರಿಗೆ ಅಲ್ಲಿ ಜಾಗ ಬೇಕಿತ್ತು ಅನ್ನುವುದು ಹೆಚ್ಚು ನಂಬುವ ಮಾತು.

‘ಹಿಂದಿನ ರೂಪಕ್ಕೆ ತರಲಾಗಿದೆ’ ಅನ್ನುವ ಸಾಲು ಕಂಡಾಗ, ಯಾವ ಹಿಂದಿನ ರೂಪ ಅಂತ ಕೇಳಿ. ಬಾಸ್ಟನ್ನಿನ ಪಾಲ್ ರೆವೀರ್ ಮನೆ ಈ ಮಾತಿಗೆ ಒಳ್ಳೇ ಸಾಕ್ಷಿ. ಮನೆ ಕಟ್ಟಿದ್ದು ಸುಮಾರು 1680ರಲ್ಲಿ. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಈ ಹೆಸರಾಂತ ಬೆಳ್ಳಿ ಕೆಲಸಗಾರ ಅದನ್ನು ಕೊಂಡದ್ದು 1770ರಲ್ಲಿ. ಅಷ್ಟರೊಳಗೆ ಮುಂಭಾಗದ ಚಾವಣಿ ಎತ್ತರಿಸಿ ಮೂರನೇ ಅಂತಸ್ತು ಮಾಡಿದ್ದರು. ಮನೆಯನ್ನು ಉಳಿಸಿ 1908ರಲ್ಲಿ ಜನರಿಗೆ ತೆರೆಯುವ ಮುನ್ನ ಆ ಅಂತಸ್ತನ್ನು ತೆಗೆದು 17ನೇ ಶತಮಾನದ ರೂಪ ಕೊಟ್ಟರು. ಅಂದರೆ ರೆವೀರ್ ಹೆಸರಿನಲ್ಲಿ ಜನ ನೋಡಲಿಕ್ಕೆ ಹೋಗುವ ಮನೆಗೆ, ಸ್ವತಃ ರೆವೀರ್ ಅಲ್ಲಿ ಇದ್ದಾಗ ಆ ರೂಪ ಇರಲಿಲ್ಲ. ಬಾಸ್ಟನ್ನಿನಲ್ಲಿ ಈ ಮನೆಯೂ ಸೇರಿ 16 ಜಾಗಗಳನ್ನು ಜೋಡಿಸುವ ಸುಮಾರು 4 ಕಿ.ಮೀ. ಉದ್ದದ ಕೆಂಪು ಗೆರೆ ನೆಲದ ಮೇಲೇ ಇದೆ. ಮ್ಯಾಪೇ ಬೇಡ. ಅಷ್ಟು ಸಲೀಸಾದ ದಾರಿಯಲ್ಲಿ ಗೆರೆ ನೋಡಿಕೊಂಡು ನಡೆಯುವವರೇ ಜಾಸ್ತಿ, ಗೋಡೆ ನೋಡುವವರು ಕಡಿಮೆ.

ಗೋಡೆಯ ನಾಮಫಲಕಗಳೂ ಪೂರ್ತಿ ಕಥೆ ಹೇಳುವುದಿಲ್ಲ. ಲಂಡನ್ನಿನಲ್ಲಿ ಹೆಸರಾಂತರು ಇದ್ದ ಮನೆಗಳಿಗೆ ಫಲಕ ಹಾಕುವ ಯೋಜನೆಯಲ್ಲಿ ಮೊಟ್ಟಮೊದಲನೆಯದನ್ನು 1867ರಲ್ಲಿ ಕವಿ ಬೈರನ್ ಹುಟ್ಟಿದ ಮನೆಗೆ ಹಾಕಿದರು. 1889ರಲ್ಲಿ ಆ ಮನೆಯನ್ನೇ ಕೆಡವಿದರು. ಫಲಕ ಹಾಕಿದ ಮಾತ್ರಕ್ಕೆ ಮನೆ ಉಳಿಯುತ್ತದೆ ಅಂತೇನಿಲ್ಲ.

ಹೋಗುವ ಮುಂಚೆ ಒಂದು ಸಂಜೆ ಬಿಡುವಿದ್ದರೆ ಆ ಊರಿನ ಹಳೇ ಮ್ಯಾಪ್ ಹುಡುಕಿ. ಅಮೆರಿಕದ ಊರಾದರೆ ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿವಿಮೆ ಮ್ಯಾಪುಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಂದೊಂದು ಮನೆಯ ಆಕಾರವೂ ಇದೆ, ಬಣ್ಣವೂ ಇದೆ. ಹಳದಿ ಅಂದರೆ ಮರ, ಗುಲಾಬಿ ಅಂದರೆ ಇಟ್ಟಿಗೆ, ನೀಲಿ ಅಂದರೆ ಕಲ್ಲು. ಎರಡು ಬೇರೆ ಬೇರೆ ಇಸವಿಯ ಹಾಳೆ ಪಕ್ಕಪಕ್ಕ ಇಟ್ಟರೆ ಜಗಲಿ ಬಂದದ್ದು, ಕೊಟ್ಟಿಗೆ ಹೋದದ್ದು ಎಲ್ಲಾ ಗೊತ್ತಾಗುತ್ತದೆ.

ಒಂದು ಕೊರತೆಯನ್ನು ಮಾತ್ರ ಬ್ರೋಷರ್ ತುಂಬಿಕೊಡುವುದಿಲ್ಲ, ನೀವೇ ತುಂಬಿಕೊಳ್ಳಬೇಕು. ಪಟ್ಟಿಯಲ್ಲಿ ಇರುವುದು ದುಡ್ಡಿದ್ದವರ ಮನೆ. ಆ ಮನೆಗೆ ನೀರು ಹೊತ್ತವರು, ಬಟ್ಟೆ ಒಗೆದವರು ಎಲ್ಲಿದ್ದರು? ಹಿಂದಿನ ಓಣಿಗೆ ಹೋಗಿ ನೋಡಿ. ಚಾರ್ಲ್ಸ್‌ಟನ್ನಿನ ದೊಡ್ಡ ಮನೆಗಳ ಹಿತ್ತಲಿನಲ್ಲಿ ಬೇರೆಯಾಗಿ ಕಟ್ಟಿದ ಅಡುಗೆಮನೆ, ಅದರ ಮೇಲೆಯೋ ಪಕ್ಕದಲ್ಲೋ ಗುಲಾಮರಾಗಿ ದುಡಿದವರ ಕೋಣೆಗಳು ಇದ್ದವು, ಎಷ್ಟೋ ಇಂದಿಗೂ ನಿಂತಿವೆ. ಲಂಡನ್ನಿನಲ್ಲಿ ಸಿರಿವಂತರ ಬೀದಿಯ ಬೆನ್ನಿಗೆ ಕುದುರೆ ಲಾಯದ ಓಣಿ, ಮೇಲೆ ಗಾಡಿಯವನ ಸಂಸಾರ. ನ್ಯೂಯಾರ್ಕಿನ 97 ಆರ್ಚರ್ಡ್ ಸ್ಟ್ರೀಟಿನಲ್ಲಿ 1863ರ ಬಾಡಿಗೆ ಕಟ್ಟಡವೇ ಈಗ ಮ್ಯೂಸಿಯಂ. ನಿಮ್ಮ ಊರಲ್ಲೂ ಇಂಥದ್ದೊಂದು ಸಿಕ್ಕರೆ ಎಂಟರಲ್ಲಿ ಒಂದು ಮಹಲು ಬಿಟ್ಟು ಇದನ್ನು ಸೇರಿಸಿ.

ದಾರಿ ತಪ್ಪುವುದು ಹೆಚ್ಚಾಗಿ ಮನೆ ನಂಬರಿನಿಂದ. ಫ್ಲಾರೆನ್ಸಿನಲ್ಲಿ ಅಂಗಡಿಗೆ ಕೆಂಪು ನಂಬರು, ಮನೆಗೆ ಕಪ್ಪು ಅಥವಾ ನೀಲಿ, ಒಂದೇ ಬೀದಿಯಲ್ಲಿ ಎರಡು 15 ಇರಬಹುದು. ವೆನಿಸಿನಲ್ಲಿ ಬೀದಿಗಲ್ಲ, ಇಡೀ ಪೇಟೆಗೇ ನಂಬರು, ಸಾವಿರಗಟ್ಟಲೆ ಹೋಗುತ್ತದೆ. ಬರ್ಲಿನ್ನಿನ ಹಳೇ ಬೀದಿಗಳಲ್ಲಿ ನಂಬರು ಒಂದು ಪಕ್ಕದಲ್ಲಿ ಏರುತ್ತಾ ಹೋಗಿ ಇನ್ನೊಂದು ಪಕ್ಕದಲ್ಲಿ ವಾಪಸ್ ಬರುತ್ತದೆ. ಹಳೇ ಪುಸ್ತಕದಲ್ಲಿರುವ ನಂಬರು ಈಗ ಬದಲಾಗಿರಲೂಬಹುದು. ಫೋನಿನಲ್ಲಿ ಮ್ಯಾಪನ್ನು ಮೊದಲೇ ಇಳಿಸಿಕೊಂಡು ಎಂಟು ಜಾಗಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ನೆಚ್ಚಿಕೊಂಡು ಹೋಗಬೇಡಿ, ಎಷ್ಟೋ ಕಡೆ ಲಿಂಕ್ ಸತ್ತಿರುತ್ತದೆ. ಆಡಿಯೋ ಗೈಡ್ ನನಗೆ ಸೇರುವುದಿಲ್ಲ. ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರೆ ಕಣ್ಣು ಸೋಮಾರಿಯಾಗುತ್ತದೆ.

ಇವು ಜನ ಇರುವ ಮನೆ ಅನ್ನುವುದು ನೆನಪಿರಲಿ. ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿ ಮನೆ ಸೇರಿದೆ ಅಂದರೆ ಬಾಗಿಲು ತಟ್ಟಬಹುದು ಅಂತಲ್ಲ, ಬೇರೆ ದೇಶಗಳ ಪಟ್ಟಿಗಳೂ ಹಾಗೇ. ಪ್ಯಾರಿಸಿನ ಬಣ್ಣದ ಮನೆಗಳ ರ್‍ಯೂ ಕ್ರೆಮಿಯೂ ಬೀದಿಯವರು ಫೋಟೋದವರ ಕಾಟ ತಾಳಲಾರದೆ, ಸಂಜೆ ಮತ್ತು ವಾರದ ಕೊನೆಗೆ ಬೀದಿಗೆ ಗೇಟು ಹಾಕಿಸಿ ಅಂತ 2019ರಲ್ಲಿ ಕೇಳಿದರು. ಕ್ಯೋಟೋದ ಗಿಯೋನ್ ಬಡಾವಣೆಯಲ್ಲಿ 2024ರಲ್ಲಿ ಖಾಸಗಿ ಓಣಿಗಳಿಗೆ ಪ್ರವಾಸಿಗಳು ಬಾರದಂತೆ ಬೋರ್ಡು ಹಾಕಿದರು, ಹೋದರೆ 10,000 ಯೆನ್ ದಂಡ. ಮೆಟ್ಟಿಲ ಮೇಲೆ ಕೂರಬೇಡಿ, ಕಿಟಕಿಯೊಳಗೆ ಇಣುಕಬೇಡಿ, ಮಕ್ಕಳು ಆಡುತ್ತಿದ್ದರೆ ಕ್ಯಾಮೆರಾ ಇಳಿಸಿ. ಮನೆಯವರು ಹೊರಗೆ ಬಂದರೆ ನಮಸ್ಕಾರ ಹೇಳಿ ಒಂದೇ ಪ್ರಶ್ನೆ ಕೇಳಿ. ‘ಈ ಮನೆ ಎಷ್ಟು ಹಳೇದು?’ ಅಂದರೆ ಬ್ರೋಷರಿನದೇ ಉತ್ತರ ಬರುತ್ತದೆ. ‘ಅಲ್ಲಿ ಮೊದಲು ಬಾಗಿಲು ಇತ್ತಾ?’ ಅಂದರೆ ಮಾತು ಬೆಳೆಯುತ್ತದೆ. ಒಳಗೆ ನೋಡುವ ಆಸೆ ಇದ್ದರೆ ಪ್ರವಾಸದ ದಿನವನ್ನೇ ಹೊಂದಿಸಿಕೊಳ್ಳಿ. ಯುರೋಪಿನ ಎಷ್ಟೋ ಊರುಗಳಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಪರಂಪರೆಯ ದಿನಗಳಂದು ಮುಚ್ಚಿದ ಮನೆಗಳನ್ನು ತೆರೆಯುತ್ತಾರೆ. ಲಂಡನ್ನಿನ ಓಪನ್ ಹೌಸ್ 1992ರಿಂದ ಇದೆ.

ಸಮಯಕ್ಕೆ ಒಂದೇ ಸೂತ್ರ. ಯಾವ ಸಾಲಿನ ಮುಖಕ್ಕೆ ಬಿಸಿಲು ಯಾವಾಗ ಬೀಳುತ್ತದೆ ಅಂತ ಮ್ಯಾಪಿನಲ್ಲಿ ದಿಕ್ಕು ನೋಡಿಕೊಳ್ಳಿ. ಪೂರ್ವಕ್ಕೆ ಮುಖ ಮಾಡಿದ ಸಾಲು ಬೆಳಗ್ಗೆ, ಪಶ್ಚಿಮದ್ದು ಸಂಜೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಮುಚ್ಚಿದ ಬಾಗಿಲಿನ ಅಂಚು, ಅಳಿಸಿದ ಅಕ್ಷರ ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ಎಲ್ಲಾ ಚಪ್ಪಟೆ.

ಅಮ್ಮನ ವಿಷಯ. ಎಂಟು ಮನೆ, ಒಂದೊಂದಕ್ಕೆ ಹತ್ತು ನಿಮಿಷ ಅಂದರೆ ನಿಲ್ಲುವುದೇ 80 ನಿಮಿಷ. ಮಂಡಿನೋವು ಇರುವವರಿಗೆ ಅಷ್ಟು ಹೊತ್ತು ನಿಲ್ಲುವುದೂ ಕಷ್ಟ ಆಗಬಹುದು. ಬೆಂಚು ಇರುವ ಪಾರ್ಕು, ಚೌಕ ಎಲ್ಲಿದೆ ಅಂತ ಮೊದಲು ನೋಡಿ, ಅದರ ಸುತ್ತಲಿನ ಮನೆಗಳನ್ನೇ ಆರಿಸಿ. ಇಲ್ಲದಿದ್ದರೆ ಮಡಚುವ ಹಗುರ ಸ್ಟೂಲ್ ಜೊತೆಗಿರಲಿ. ಒಟ್ಟು ದಾರಿ ಒಂದು ಕಿಲೋಮೀಟರಿಗಿಂತ ಜಾಸ್ತಿ ಬೇಡ. ಹೊರಟಲ್ಲಿಗೇ ಸುತ್ತಿ ಬರುವ ದಾರಿಯಾದರೆ ಒಳ್ಳೇದು, ನಡುವೆ ಸುಸ್ತಾದರೆ ಅಡ್ಡದಾರಿಯಲ್ಲಿ ವಾಪಸ್ ಬರಬಹುದು. ಗುಂಡುಕಲ್ಲು ಹಾಸಿದ ಬೀದಿ ಬರುತ್ತದಾ ಅಂತ ಬೀದಿಯ ಫೋಟೋ ತೋರಿಸುವ ಮ್ಯಾಪಿನಲ್ಲಿ ಮನೆಯಲ್ಲೇ ಕೂತು ನೋಡಿಕೊಳ್ಳಿ, ನೋವಿನ ಕಾಲಿಗೆ ಆ ಕಲ್ಲು ಏರುದಾರಿಗಿಂತ ಕೆಟ್ಟದ್ದು.

ಅವರ ಕೈಗೆ ಒಂದು ಸಣ್ಣ ಬೈನಾಕ್ಯುಲರ್ ಕೊಡಿ. ಬೆಂಚಿನಲ್ಲಿ ಕೂತೇ ಸೂರಿನ ಕೆಳಗಿನ ಕೆತ್ತನೆ, ಚಿಮಣಿಯ ಇಟ್ಟಿಗೆ ಎಲ್ಲಾ ನೋಡಬಹುದು, ನಿಮಗಿಂತ ಜಾಸ್ತಿಯೇ ಕಾಣಬಹುದು. ಅದನ್ನು ಮನೆಯವರ ಕಿಟಕಿಯ ಕಡೆ ತಿರುಗಿಸುವ ಹಾಗಿಲ್ಲ ಅಂತ ಮಾತ್ರ ಮೊದಲೇ ಹೇಳಿಬಿಡಿ.